ಇಪ್ಪತ್ತು ಡಿಗ್ರಿ

ಬೈಕಂಪಾಡಿ. ಹೊರಗೆ ಅಂಟು ಬೆವರಿನ ಮಧ್ಯಾಹ್ನ,
ಒಳಗೆ ಗ್ರಾನೈಟ್ ಮೇಜು, ಇಪ್ಪತ್ತು ಡಿಗ್ರಿ.
ಪ್ರೊಜೆಕ್ಟರಿನ ಹಸಿರು ತೆರೆಯಲ್ಲಿ
ಮುನಾಫ್ ಈಗಷ್ಟೇ ತಂದಿಟ್ಟ ಪಿನ್ನಿನ ನೆರಳು
ಐವತ್ತು ಪಟ್ಟು ಹಿಗ್ಗಿ
ಗೆರೆ ದಾಟಿದೆ. ನಾಲ್ಕು ಮೈಕ್ರಾನ್.

ಅವನು ನನ್ನ ಮುಖ ನೋಡುತ್ತಿಲ್ಲ.

ಅಮ್ಮ ಹೀಗೇ ನಿಲ್ಲುತ್ತಿದ್ದಳು
ಕುಳಾಯಿಯ ಬೀಡಿ ಬ್ರಾಂಚಿನಲ್ಲಿ.
ಚೆಕ್ಕರ್ ಹೆಬ್ಬೆರಳಲ್ಲಿ ಒತ್ತಿ ನೋಡಿ
ಮುರಿದು ಬಿಸಾಡುತ್ತಿದ್ದ;
ಯಾಕೆಂದು ಅವಳು ಕೇಳಲಿಲ್ಲ,
ಅವನ ಹೆಬ್ಬೆರಳನ್ನು
ಯಾರೂ ಅಳೆಯಲಿಲ್ಲ.

ಕೆಂಪು ಚೀಟಿ ನನ್ನ ಕೈಯಲ್ಲೇ ಇದೆ.
"ಲೇತಿನ ಬಿಸಿ ಇಳಿದಿಲ್ಲ ಮಾರಾಯ,
ಸ್ವಲ್ಪ ಕಲ್ಲಿನ ಮೇಲಿರಲಿ.
ಚಾ ಕುಡಿದು ಬಾ."

ಪಿನ್ನನ್ನು ಇಕ್ಕುಳದಲ್ಲಿ ಎತ್ತಿಡುತ್ತೇನೆ,
ಬೆರಳು ತಾಗಿಸದೆ.
ನನ್ನ ಮೈಬಿಸಿಯೂ
ಅಳತೆ ಕೆಡಿಸುತ್ತದೆ.