ಕೋಡೊಲೆ

ಕ್ಲಾಕ್ಸ್‌ವೀಕ್ ಬಂದರಿನ ಬೆನ್ನಿಗೆ
ಹಿಂದೊಮ್ಮೆ ಮೀನು ಒಣಗಿಸುತ್ತಿದ್ದ ಷೆಡ್ಡಿನಲ್ಲಿ
ಈಗ ನಾಲ್ಕು ಸರ್ವರು.
ವಾಸನೆ ಮಾತ್ರ ಹೋಗಿಲ್ಲ.

ರಾತ್ರಿ ಎರಡು ಗಂಟೆ. ಹಡಗಿಲ್ಲದ ಹೊತ್ತು.
ಸುನ್ವಾ ಮೊದಲನೆಯದನ್ನು ಮಲಗಿಸಿ ಎಬ್ಬಿಸಿದಳು.
ನೀಲಿ ಪರದೆಯ ಮೇಲೆ ಒಂದು ಸಾಲು
ಅವಳ ಮುಖವನ್ನೇ ನೋಡುತ್ತ ನಿಂತಿತು:
ಹೈಪರ್‌ಥ್ರೆಡಿಂಗ್. ಬೇಕೋ, ಬೇಡವೋ.

‘ಬೇಕು’ ಎಂದ ಹಾನುಸ್, ಲೆಕ್ಕ ಬರೆಯುವವ.
‘ಮೂವತ್ತೆರಡಕ್ಕೆ ದುಡ್ಡು ಕೊಟ್ಟು ಅರವತ್ತನಾಲ್ಕು ಸಿಗುವಾಗ
ಬೇಡ ಅನ್ನಲು ನಾವೇನು ಡೆನ್ಮಾರ್ಕಿನ ದೊರೆಗಳೇ?’

‘ಸಿಗುವುದಿಲ್ಲ. ಕಾಣುತ್ತವೆ.’

ಅವಳು ಆಡಿದ್ದು ಅಷ್ಟೇ.
ಉಳಿದದ್ದನ್ನು ನಾನು ನನ್ನ ನುಡಿಯಲ್ಲೇ ಹೇಳಬೇಕು:
ಇದು ಕೋಡೊಲೆ.
ಉರಿ ಒಂದು, ಬಾಯಿ ಎರಡು.
ಮುಂದೆ ಅನ್ನ ಕುದಿಯುವಾಗ
ನುಸುಳಿ ಬಂದ ಬಿಸಿಯಲ್ಲಿ ಕೋಡಿನ ಮೇಲೆ ಸಾರು ಕಾಯುತ್ತದೆ.
ಲಾಭವೇ, ಇಲ್ಲವೆನ್ನುವುದಿಲ್ಲ.
ಎರಡಕ್ಕೂ ಹಂಡೆ ಏರಿಸಿದ ದಿನ
ಉರಿಗೆ ತಿಳಿಯುತ್ತದೆ, ತಾನು ಒಂದೇ ಎಂದು.

ಹಂಡೆಯೇ ಇದೆ ಇದರಲ್ಲಿ: ಅಲೆಗಳ ಲೆಕ್ಕ.
ಬೆಳಗಿನ ಐದಕ್ಕೆ ದೋಣಿಯವರು ಕೇಳುತ್ತಾರೆ
ಆಚೆ ದ್ವೀಪದ ಬಳಿ ಕಡಲು ಎಷ್ಟೆತ್ತರ.
ಒಂಟಿ ಎಳೆಯಲ್ಲಿ ನಲವತ್ತೊಂದು ನಿಮಿಷ,
ಜೋಡಿ ಎಳೆಯಲ್ಲಿ ನಲವತ್ತಾರು.
ಮೂರು ರಾತ್ರಿ ಕೂತು ಅಳೆದಿದ್ದಾಳೆ.
ಬೇಡ.

ಮೀನು ಹರಾಜಿನ ಯಂತ್ರದ ಕಥೆ ಬೇರೆ.
ಅದರ ಅರ್ಧ ಆಯುಷ್ಯ ಕಾಯುವುದರಲ್ಲೇ ಹೋಗುತ್ತದೆ,
ಮೆಮೊರಿಯಿಂದ ಇನ್ನೂ ಬಾರದ ಯಾವುದೋ ಅಂಕಿಗಾಗಿ.
ಕಾಯುವವರ ಪಕ್ಕ ಇನ್ನೊಬ್ಬರು ಕೂತು ದುಡಿಯಬಹುದು.
ಬೇಕು. ಹಾನುಸ್ ನಕ್ಕ, ಗೆದ್ದವನಂತೆ.

ಮೂರನೆಯದರ ಮುಂದೆ ಇಬ್ಬರೂ ಸುಮ್ಮನಾದರು.
ಅದರೊಳಗೆ ಆಸ್ಪತ್ರೆಯೂ ಬಾಡಿಗೆಗಿದೆ,
ಸಾಲ್ಮನ್ ಸಾಕುವ ಕಂಪನಿಯೂ.
ಒಂದೇ ತಿರುಳಿನ ಎರಡು ಎಳೆಯೆಂದರೆ
ಒಂದೇ ದಿಂಬಿನ ಎರಡು ತಲೆ.
ಬಾಯಿ ಬಿಡದಿದ್ದರೂ, ಉಸಿರಿನ ಏರಿಳಿತದಲ್ಲೇ
ಪಕ್ಕದವರ ಕನಸು ಓದುವವರುಂಟು.

‘ಈ ಊರಲ್ಲಿ ಯಾರ ಕಾಯಿಲೆ ಯಾರಿಗೆ ಗೊತ್ತಿ…’
ತಮಾಷೆಗೆ ಹೊರಟ ಹಾನುಸ್ ಅರ್ಧಕ್ಕೇ ನಿಂತ.
ಹೋದ ನವೆಂಬರಿನಲ್ಲಿ ಅವನ ತಂಗಿಯ ಹೆಸರು
ಆ ಆಸ್ಪತ್ರೆಯ ಪಟ್ಟಿಯಲ್ಲಿತ್ತು.
ಊರಿಗೆ ಎಲ್ಲವೂ ಗೊತ್ತಿತ್ತು.
ಅದೊಂದು ಗೊತ್ತಿರಲಿಲ್ಲ.

‘ಬೇಡ’ ಎಂದ, ಲೆಕ್ಕ ಬರೆಯುವವನೇ.

ನಾಲ್ಕನೆಯದಕ್ಕೆ ಹೊತ್ತು ಸಾಲಲಿಲ್ಲ.
ಹೊರಗೆ ಮೊದಲ ದೋಣಿ ಕೆಮ್ಮಿತು,
ಸುನ್ವಾ ಕೋಟಿನ ಗುಂಡಿ ಹಾಕಿಕೊಂಡಳು.
ಅದು ಹೇಗಿತ್ತೋ ಹಾಗೇ ಇದೆ.
ಹೇಗಿತ್ತೆಂದು
ಯಾರೂ ನೋಡಲಿಲ್ಲ.