ಅರೆಬೆಲೆ

ಕೊಕುರಾದಲ್ಲಿ ಏಳೂ ಮುಕ್ಕಾಲಾದರೆ
ನನ್ನ ಬೆನ್ನ ಹಿಂದೆ ಹೆಜ್ಜೆಗಳು ಹುಟ್ಟುತ್ತವೆ.
ಸೊಂಟದಲ್ಲಿ ಹಳದಿ ಚೀಟಿಯ ಸುರುಳಿ.
ಯಾರೂ ನನ್ನತ್ತ ನೋಡುತ್ತಿಲ್ಲ, ಎಲ್ಲರೂ
ಸೋಯಾ ಬಾಟಲಿಯ ಸಣ್ಣಕ್ಷರ ಓದುತ್ತಿದ್ದಾರೆ.
ಹಿಸಾಯೊ ಟೀಚರೂ ಓದುತ್ತಿದ್ದಾರೆ,
ಕನ್ನಡಕವಿಲ್ಲದೆ.

ನಾಲ್ಕನೆಯ ಕ್ಲಾಸಿನಲ್ಲಿ ನನ್ನ ತಲೆಗೆ
ಕಾಲು, ಅರೆ, ಮುಕ್ಕಾಲು ಹತ್ತಿರಲಿಲ್ಲ.
ಕಿತ್ತಳೆ ಸುಲಿದು, ತೊಳೆ ಎಣಿಸಿ ಕಲಿಸಿದರು,
ಕಲಿತ ಮೇಲೆ ಇಡೀ ಹಣ್ಣು ನನಗೇ ಬಿಟ್ಟರು.
ಈಗ ನನ್ನ ಕಸುಬೇ ಅರೆ:
ಕರಿದ ಸಿಗಡಿ ಅರೆ, ಎಲೆಕೋಸಿನ ಪಲ್ಯ ಅರೆ,
ಬೆಳಿಗ್ಗೆ ಬೆಳ್ಳಿಯಂತಿದ್ದ ಬಂಗುಡೆ ಅರೆ.

ನಿನ್ನೆ ಅವರ ಕೆಮ್ಮು ಕೇಳಿ ತಡೆಯಲಾಗಲಿಲ್ಲ.
ಎಂಟಕ್ಕೆ ಇನ್ನೂ ಹನ್ನೆರಡು ನಿಮಿಷ ಇರುವಾಗಲೇ
ಒಂದೇ ಒಂದು ಬಂಗುಡೆಗೆ ಚೀಟಿ ಅಂಟಿಸಿ
ಅವರ ಬುಟ್ಟಿಯ ಕಡೆ ಸರಿಸಿದೆ.
ಗೋಡೆಯ ಗಡಿಯಾರ ನೋಡಿದರು. ಆಮೇಲೆ ನನ್ನನ್ನು.
"ಶುಂಟಾ, ಲೆಕ್ಕ ತಪ್ಪಿದೆ."
ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಹರಿಯದ ಹಾಗೆ,
ಚೀಟಿಯನ್ನು ನನ್ನ ಅಂಗೈಗೇ ಅಂಟಿಸಿದರು.

ಎಂಟು ಹೊಡೆಯುವಷ್ಟರಲ್ಲಿ ಆ ಮೀನನ್ನು
ಯಾರೋ ಅವಸರದವರು ಪೂರ್ತಿ ಬೆಲೆಗೆ ಒಯ್ದಿದ್ದರು.
ಟೀಚರು ತೋಫು ಕೊಂಡರು, ಅರೆಬೆಲೆಗೆ,
ಕಾರ್ಡಿಗೆ ಒಂದು ಪಾಯಿಂಟು ಸೇರಿಸಿಕೊಂಡು,
ರಸೀದಿಯನ್ನು ನಾಲ್ಕಾಗಿ ಮಡಚಿ,
ಸೈಕಲ್ಲಿನ ಬೀಗದ ಜತೆ ಬಹಳ ಹೊತ್ತು ಗುದ್ದಾಡಿದರು.
ನಾನು ಹೊರಗೆ ಹೋಗಲಿಲ್ಲ. ಹೋದರೆ
ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ರಾತ್ರಿ ಕೈ ತೊಳೆಯುವಾಗ
ಅಂಗೈ ಮೇಲೆ ಇನ್ನೂ ಆ ಹಳದಿ.
ಹೆಂಡತಿ ನಕ್ಕಳು:
"ಅರೆಬೆಲೆಗೂ ಯಾರೂ ಕೊಳ್ಳಲಿಲ್ಲವೇ ನಿನ್ನ?"