ಮೂರನೆಯ ನಳಿಕೆ

ಮನಾಮದ ಚಿನ್ನದ ಸೂಕಿನಲ್ಲಿ
ಇಪ್ಪತ್ತಾರು ವರ್ಷ ಒರೆಗಲ್ಲು ಹಿಡಿದ
ವಾಮನ ಆಚಾರ್ರಿಗೆ ನಂಬಿಕೆಯಿಲ್ಲ:
"ಇದು ಚಿನ್ನವಾ? ಪುನರ್ಪುಳಿ ಶರಬತ್ತಿನ ಹಾಗಿದೆಯಲ್ಲ!"

ಸಣ್ಣಗಾಗಿ, ಇನ್ನೂ ಸಣ್ಣಗಾಗಿ
ಕಣ್ಣಿಗೇ ದಕ್ಕದಂತಾದರೆ
ಚಿನ್ನ ಕೆಂಪು, ಅಂದೆ.
"ಎಷ್ಟು ಕ್ಯಾರೆಟ್ಟು?"
ನಕ್ಕು, ಸೂಜಿ ಚುಚ್ಚಿದೆ.

ಹೊರಗೆ ನಲವತ್ತಾರು ಡಿಗ್ರಿ. ಗೊರಗುಟ್ಟುವ ಏಸಿ.
ಮೊದಲ ನಳಿಕೆ ಕೆಂಪು. ಎರಡನೆಯದೂ.
ಮೂರನೆಯದು ಅವರದು.
ತಳದಲ್ಲೊಂದು ನೇರಳೆ ಎಳೆ ಸುಳಿದು,
ಕೆಟ್ಟ ಕಣದ ಸುತ್ತ
ಚಿನ್ನವೆಲ್ಲ ಗುಂಪುಗಟ್ಟಿ
ನೀಲಿ.

ನಾನಿನ್ನೂ ಮಾತು ಹುಡುಕುತ್ತಿದ್ದೆ.
ಅವರು ನಳಿಕೆಯನ್ನು ಟ್ಯೂಬ್‌ಲೈಟಿಗೆ ಹಿಡಿದು
ಒಂದು ಕಣ್ಣು ಮುಚ್ಚಿ
ಯಾರದೋ ಹಳೆಯ ಬಳೆ ನೋಡುವಂತೆ ನೋಡಿದರು:
"ಬೆರಕೆ ಇದೆ.
ಎಷ್ಟೆಂದು
ಕರಗಿಸಿಯೇ ನೋಡಬೇಕು."